ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಗರ್ನಾಲು

೧೯೬೨ರಲ್ಲಿ ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಬ್ಯಾಂಡ್ ಮಾಸ್ಟರ್ ಅನಂತರಾಜರು ಬ್ಯಾಂಡಿನ ಜೊತೆ ಗರ್ನಾಲು ಪಟಾಕಿ ಸಿಡಿಸುವ ನೋಣಯ್ಯನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದುದರಿಂದ ಬಸ್ಸಿಗೆ ಕಾಯುತ್ತಿದ್ದ ನಮಗೆಲ್ಲ ಅವರ ಮಾತು ಕೇಳಿಸಿತು.

"ಡಾಕ್ಟ್ರು ಎಂತ ಹೇಳಿದ್ರು?"

"ಎರಡೂ ಕಿವಿ ಹೆಚ್ಚುಕಡಿಮೆ ಹೋಯ್ತಂತೆ ಮಾಸ್ಟ್ರೇ. ಮದ್ದಿಲ್ಲವಂತೆ."

"ನಾನು ಕೈ ಎತ್ತಿ ತೋರಿಸ್ತೇನೆ ಮಾರಾಯ. ಆಗ ಬತ್ತಿಗೆ ಬೆಂಕಿ ಕೊಡು."

"ಬತ್ತಿ ಉರಿಯಲಿಕ್ಕೆ ಹೊತ್ತು ಬೇಕಲ್ಲ? ಬ್ಯಾಂಡು ಕೇಳ್ತಿದ್ದಾಗ ಡ್ರಮ್ಮಿನ ಪೆಟ್ಟು ಯಾವಾಗ ಬೀಳ್ತದೆ ಅಂತ ಮೊದಲೇ ಗೊತ್ತಾಗ್ತಿತ್ತು."

"ಸ್ವಲ್ಪ ಮೊದಲೇ ಎತ್ತುತ್ತೇನೆ."

"ಮೊನ್ನೆ ಲಾಯಿಲದ ಮೆರವಣಿಗೆಯಲ್ಲಿ ಹಾಗೇ ಮಾಡಿದ್ದಲ್ವಾ? ಬ್ಯಾಂಡಿನ ಪದ ಮುಗಿದ ಮೇಲೆ ಗರ್ನಾಲು ಹೊಟ್ಟಿತು. ಜನ ನಕ್ಕದ್ದು ನನಗೆ ಕೇಳಲಿಲ್ಲ ಮಾಸ್ಟ್ರೇ, ಕಂಡಿತು."

ಮೂಡುಬಿದಿರೆಯ ಮೆರವಣಿಗೆಗೆಂದು ಇಬ್ಬರೂ ಕಾಯುತ್ತಿದ್ದ ಬಸ್ಸು ಬಂದಾಗ ಅನಂತರಾಜರು ನೋಣಯ್ಯನ ಹೆಗಲು ಮುಟ್ಟಿ, ಒಬ್ಬರೇ ಹತ್ತಿದರು.