ಸುಸ್ತಾಗ್ಲಿ ಬಿಡು

ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ದಪ್ಪನೆಯವನು ಒಳಗಿದ್ದ ರೋಗಿಯ ಅಣ್ಣ, ಇನ್ನೊಬ್ಬ ಅವನ ಗೆಳೆಯ. ಇಬ್ಬರ ಪ್ಯಾಂಟಿಗೂ ಮರಳು ಮೆತ್ತಿತ್ತು. ನನಗೆ ನಿದ್ದೆ ಹತ್ತಿದೆ ಎಂದುಕೊಂಡಿರಬೇಕು.

"ಶಾರ್ಕ್ ಹಿಡಿಯೋ ಹುಚ್ಚು ನಿಂದು. ಗಾಳಕ್ಕೆ ಮಾಂಸ ಸಿಕ್ಕಿಸಿ, ಆ ಪುಟಾಣಿ ದೋಣೀಲಿ ನಿನ್ ತಮ್ಮನ್ನ ಕಳಿಸ್ದೋನೂ ನೀನೇ."

"ಗಾಳಾನ ಅಲೆ ದಾಟಿಸಿ ಹಾಕ್ಬೇಕು, ದಡದಿಂದ ಎಸೆದ್ರೆ ಶಾರ್ಕ್ ಬೀಳುತ್ತಾ? ದೋಣಿ ಮಗುಚುತ್ತೆ ಅಂತ ನಾನೇನ್ ಕನಸು ಕಂಡಿದ್ನಾ? ಅಲೆ ಮರೇಲಿ ಕಾಣ್ಲೂ ಇಲ್ಲ."

"ಗಾಳದ ದಾರ ಸುತ್ಕೊಂಡು ಅವನು ಒದ್ದಾಡ್ತಿದ್ರೆ, ಬಿತ್ತು ದೊಡ್ಡದು ಅಂತ ದಡದಲ್ಲಿ ಕುಣಿದ್ಯಲ್ಲೋ."

"ನೀನು ಕುಣೀಲಿಲ್ವಾ? ವಿಡಿಯೊ ಮಾಡ್ತಿದ್ದೋರು ಯಾರು?"

"ಅದನ್ನ ಅಳಿಸಿ ಹಾಕ್ದೆ. ಬೇಗ ಎಳಿ ಅಂತ ಬಡ್ಕೊಂಡೆ. ದಾರ ಬಿಟ್ಟು ಬಿಟ್ಟು ಎಳೀಬೇಕು, ಸುಸ್ತಾಗ್ಲಿ ಬಿಡು ಅಂದೆ ನೀನು."

"ಶಾರ್ಕ್‌ನ ಹಾಗೇ ಅಲ್ವೇನೋ ಹಿಡಿಯೋದು?"

"ಮಧ್ಯೆ ಒಂದ್ಸಲ ಅವನು ಕೈ ಎತ್ತಿದ್ದ ಕಣೋ."

"ರೆಕ್ಕೆ ಅದು, ಶಾರ್ಕ್ ರೆಕ್ಕೆ ಅಂತ ಕೂಗಿದ್ದು ನೀನೇ."

"ಎಚ್ಚರ ಆದ್ರೆ ಎಲ್ಲಾ ಹೇಳಿಬಿಡ್ತಾನೆ."

"ಆಗೋದು ಅನುಮಾನ ಅಂದ್ರಲ್ಲ ಡಾಕ್ಟ್ರು. ಬಾಯ್ಮುಚ್ಚು, ಅವನ ಹೆಂಡ್ತಿ ಬಂದ್ಲು."

ಓಡಿಬಂದ ಹೆಂಗಸು ದಪ್ಪನೆಯವನ ಕಾಲಿಗೇ ಬಿದ್ದಳು.

"ಭಾವ, ನೀವಿಲ್ದಿದ್ರೆ ಅವ್ರು ಸಮುದ್ರದ ಪಾಲಾಗ್ತಿದ್ರು. ನೀವೇ ದಡಕ್ಕೆ ಎಳ್ಕೊಂಡು ಬಂದ್ರಂತಲ್ಲ."

ಅವನು ಕಣ್ಣೊರೆಸಿಕೊಂಡು ಅವಳನ್ನು ಎಬ್ಬಿಸಿದ.

"ಎಳೆದೂ ಎಳೆದೂ ನನ್ನ ರಟ್ಟೆನೇ ಬಿದ್ದುಹೋಯ್ತಮ್ಮಾ," ಎನ್ನುತ್ತ ಒಳಗೆ ಕರೆದುಕೊಂಡು ಹೋದ. ಗೆಳೆಯ ಬೆಂಚಿನ ಮೇಲೆ ಉದುರಿದ್ದ ಮರಳನ್ನು ಕೈಯಿಂದ ಗುಡಿಸಿ, ಅವರ ಹಿಂದೆಯೇ ನಡೆದ.