ಅಗುವಾ ಪ್ರಿಯೆಟಾದ ಬಸ್ಸಿನಲ್ಲಿ ಅತ್ತೆ ಸೊಸೆ

ಎರ್ಮೊಸಿಯೊದಿಂದ ಅಮೆರಿಕದ ಗಡಿಯ ಊರು ಅಗುವಾ ಪ್ರಿಯೆಟಾಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ಕೂತಿದ್ದರು. ಕಾಗದಪತ್ರವಿಲ್ಲದೆ ಆಚೆ ದುಡಿಯುತ್ತಿದ್ದ ಅತ್ತೆಯ ಮಗನನ್ನು ಅಮೆರಿಕದವರು ಹಿಡಿದು ಗಡಿಯೀಚೆ ಬಿಟ್ಟಿದ್ದರು. ಅವನು ಆ ಊರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದನಂತೆ.

"ನಿಕೊಲಾಸಾ, ಬೆಲ್ಲದ ಕೊಯೋತಾ ಬಿಸ್ಕತ್ತು ಪುಡಿಯಾಗಿಲ್ಲ ತಾನೆ? ಎಫ್ರಾಯಿನ್‌ಗೆ ಅದಂದ್ರೆ ಪ್ರಾಣ."

"ಹಂಗೇ ಇದೆ ಅತ್ತೆ."

"ಒಂದು ಒಳ್ಳೆ ಬಟ್ಟೆ ಹಾಕ್ಕೊಂಡು ಬರೋದಲ್ವಾ? ಹನ್ನೆರಡು ವರ್ಷ ಆದ್ಮೇಲೆ ಗಂಡನ್ನ ನೋಡ್ತಿದೀಯ."

"ನೋಡೋಕೆ ಬರ್ತಿಲ್ಲ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿಸ್ಕೊಳ್ಳೋಕೆ ಬರ್ತಿದೀನಿ."

ಮುದುಕಿ ಸೊಸೆಯ ಕಡೆ ತಿರುಗಿದಳು.

"ಅಲ್ಲಿ ಕಟ್ಕೊಂಡೋಳು ಅವನನ್ನ ಬಿಟ್ಟಾಯ್ತಲ್ಲೇ. ಇನ್ನೇನು ನಿಂಗೆ?"

"ಅವಳು ಬಿಟ್ಮೇಲೆ ತಾನೆ ನಾನು ನೆನಪಾಗಿದ್ದು? ಅವಳಿಗೆ ಇಬ್ರು ಮಕ್ಕಳು. ನಂಗೆ ವರ್ಷಕ್ಕೊಂದು ಫೋನು."

"ಮನೇಗೆ ಕರ್ಕೊಂಡು ಹೋಗಿ, ಊಟ ಹಾಕಿ, ಆಮೇಲೆ ಕೇಳು."

"ಊಟ ಹಾಕಿದ್ರೆ ನಿಮ್ಮ ಮಗ ಎದ್ದು ಹೋಗೋನಲ್ಲ."

ಬಸ್ಸು ನಿಲ್ದಾಣದೊಳಗೆ ತಿರುಗಿತು. ಕಂಬದ ಬಳಿ ನಿಂತಿದ್ದ ಬೋಳುತಲೆಯವನೊಬ್ಬ ಕೈ ಎತ್ತಿದ.

"ಇಳಿದ ತಕ್ಷಣ ಕಾಗದ ತೆಗೀಬೇಡ್ವೆ. ಒಂದೈದು ನಿಮಿಷ ಅವನು ಖುಷಿಯಾಗಿರ್ಲಿ."

"ಹನ್ನೆರಡು ವರ್ಷ ಖುಷಿಯಾಗೇ ಇದ್ನಲ್ಲ ಅತ್ತೆ."

ಮುದುಕಿ ಎದ್ದಳು. ಸೊಸೆ ಅವಳ ಕೈಹಿಡಿದು ಜೋಪಾನವಾಗಿ ಮೆಟ್ಟಿಲಿಳಿಸಿದಳು.