ನಳಿಗೆ ನಿನ್ನದು, ಹಿಡಿ ನನ್ನದು

...ಅಯ್ಯೋ, ಬಾಗಿಲಲ್ಲೇ ನಿಂತು ಅದನ್ನ ಹಾಗೆ ಚಾಚಬೇಡ ಓರ್ಲಿನ್, ಪಾದ್ರಿಗೆ ಕಾಣಿಕೆ ಕೊಡೋ ಹಾಗೆ! ಒಳಗೆ ಬಾ, ಕೂತ್ಕೋ. ಅಕ್ಕನ ಮನೆ ಇದು, ಕೋರ್ಟಲ್ಲ. ಮೂರು ವರ್ಷ ಆದ್ಮೇಲೆ ಬಂದಿದೀಯ, ಅದೂ ಸೊಸೆ ಕೈಲಿ ಟ್ರಕ್ಕು ಓಡಿಸ್ಕೊಂಡು, ಮದುಮಗನ ಹಾಗೆ ಪಕ್ಕದಲ್ಲಿ ಕೂತ್ಕೊಂಡು... ಯಾಕೆ ಹಾಗೆ ನೋಡ್ತೀಯ? ನಗ್ತಿಲ್ಲಪ್ಪ ನಾನು. ಸರಿ, ಸ್ವಲ್ಪ ನಗ್ತಿದೀನಿ.

ಅಂದ್ರೆ ಬಂದೂಕಿನ ನಳಿಗೆ ನನಗೇ ಕೊಟ್ಟುಬಿಡ್ತೀಯ? ಖಂಡಿತಾ? ಆಮೇಲೆ ಮೂಗು ಸುರಿಸ್ಕೊಂಡು ವಾಪಸ್ ಕೇಳೋ ಹಾಗಿಲ್ಲ.

ಅಪ್ಪ ಎಂಥ ಕಿಲಾಡಿ ನೋಡು! ಸಾಯೋ ಮುಂಚೆ ನಮ್ಮಿಬ್ಬರನ್ನೂ ಮಂಚದ ಹತ್ರ ಕರೆದ. ಪಾಯಿಂಟ್ ಟೂ ಟೂ ರೈಫಲ್ಲಿನ ಪಕ್ಕದ ತಿರುಪು ಬಿಚ್ಚಿದ, ಎರಡು ತುಂಡು ಮಾಡಿದ. ನಳಿಗೆ ನಿನ್ನ ಕೈಗೆ, ಮರದ ಹಿಡಿ ನನ್ನ ಕೈಗೆ. ‘ಜಗಳ ಆಡ್ಕೊಂಡು ದೂರ ಇದ್ರೆ ಇಬ್ಬರ ಹತ್ರಾನೂ ಒಂದೊಂದು ಕೋಲು, ಅಷ್ಟೆ’ ಅಂದ. ಮೇಲೆ ಆ ಷರತ್ತು ಬೇರೆ! ಯಾರು ತಮ್ಮ ಪಾಲು ಕೆಡಿಸ್ತಾರೋ, ಯಾರು ಇನ್ನು ಕೈಲಾಗಲ್ಲ ಅಂತಾರೋ, ಅವರ ತುಂಡು ಇನ್ನೊಬ್ಬರಿಗೆ. ಇಪ್ಪತ್ತಾರು ವರ್ಷ ನಡೀತಲ್ಲೋ! ಆಗಸ್ಟಲ್ಲಿ ಅಳಿಲು ಬೇಟೆ ಶುರುವಾಗೋ ದಿನ ಬೆಳಗಾಗೋ ಹೊತ್ತಿಗೆ ನೀನು ಹಿಕರಿ ಮರದ ಕೆಳಗೆ ನಳಿಗೆ ಹಿಡ್ಕೊಂಡು ನಿಂತಿರ್ತಿದ್ದೆ. ನೀನು ಹೊಡೀತಿದ್ದೆ, ನಾನು ಸುಲೀತಿದ್ದೆ, ಜೊತೆಗೆ ನಿನ್ನನ್ನ ಬೈತಿದ್ದೆ. ಚೆನ್ನಾಗಿತ್ತು.

ಆಮೇಲೆ ಮೂರು ವರ್ಷದ ಹಿಂದೆ ಆ ದಿನ... ಹ್ಹ ಹ್ಹ! ಏಳು ಅಳಿಲು, ಏಳು ಗುಂಡು, ಒಂದೂ ತಾಗಲಿಲ್ಲ! ಸಾಯಂಕಾಲ ಚರ್ಚಿನ ಊಟದಲ್ಲಿ ನಾನು ಹೇಳಿದ್ದು ನೆನಪಿದ್ಯಾ? ‘ಏಳನೇ ಅಳಿಲು ಕೆಳಗಿಳಿದು ಬಂದು, ಕನ್ನಡಕ ಬೇಕಾ ಓರ್ಲಿನಣ್ಣ ಅಂತ ಕೇಳ್ತು!’ ಪಾದ್ರಿಗೆ ಗ್ರೇವಿ ಮೂಗಿಗೇರಿ ಕೆಮ್ಮಿದ್ದೇ ಕೆಮ್ಮಿದ್ದು. ನೀನು ಮಾತ್ರ ಮೆಲ್ಲಗೆ ‘ಅಕ್ಕಾ, ಬಂದೂಕಿನ ಗುರಿ ಸರಿಯಿಲ್ಲ’ ಅಂದೆ. ನಾನೇನಂದೆ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ! ಊರೆಲ್ಲ ನಕ್ತು. ನೀನು ತಟ್ಟೆ ಬಿಟ್ಟು ಎದ್ದು ಹೋದೆ.

ತಮಾಷೆಗೆ ಹೇಳಿದ್ದಪ್ಪ! ಅದಕ್ಕೆ ಬೇಟೆ ಬಿಡ್ತಾರಾ? ಟ್ರಕ್ಕು ಓಡಿಸೋದು ಬಿಡ್ತಾರಾ? ಕಣ್ಣಿನ ಡಾಕ್ಟ್ರು ಎರಡು ಸಲ ನೋಡಿ ಏನೂ ಆಗಿಲ್ಲ ಅಂದ್ರೂ ನಂಬಲಿಲ್ವಂತೆ. ಡಾಕ್ಟ್ರಿಗಿಂತ ಅಳಿಲು ಜಾಸ್ತಿ ಓದಿದ್ವಾ? ನಿನ್ನ ಸೊಸೆ ಹೇಳ್ತಿದ್ಲು, ಇಡೀ ದಿನ ಕಿಟಕಿ ಹತ್ರ ಕೂತಿರ್ತೀಯಂತೆ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಬೇಲಿ ಗೂಟ ಎಣಿಸ್ತಾ... ಥೂ. ಮೆಕ್ಕೆಜೋಳದ ರೊಟ್ಟಿ ಬಿಸಿಯಾಗಿದೆ, ತಿನ್ನು.

ಪೆಟ್ಟಿಗೆ ಕಡೆ ಯಾಕೆ ಹೋಗ್ತಿದೀಯ? ಹಿಡಿ ಬೇಕಾ? ಕೊನೇ ಸಲ ಜೋಡಿಸಿ ನೋಡ್ಬೇಕಾ? ಬೇಡ ಬಿಡೋ, ಸುಮ್ಮನೆ ಹೊಟ್ಟೆ ಉರಿಸ್ಕೊಳ್ಳೋದಕ್ಕೆ... ಓರ್ಲಿನ್, ಬೇಡ ಅಂದ್ನಲ್ಲ! ಮೊದಲಿಂದ್ಲೂ ಮೊಂಡ.

ಜೋಡಿಸೋದಂತೂ ಕೈ ಮರೆತಿಲ್ಲ. ಟಕ್ ಅಂತ ಕೂತ್ಕೊಳ್ತು. ಸಾಕು, ನೋಡಿದ್ದಾಯ್ತಲ್ಲ, ಕೊಡು... ಹಿಡಿ ಮೇಲಿರೋ ಆ ಗುರಿ ನೋಡೋ ತೂತಿನ ಬಿಲ್ಲೆ ಮೇಲೆ ಬೆರಳು ಯಾಕೆ ಓಡಿಸ್ತೀಯ? ಧೂಳು ಕಣೋ ಅದು. ಧೂಳು! ಅದೂ ನನ್ನ ಪಾಲಿನ ತುಂಡು, ನಿನಗೇನು ಅದರ ಉಸಾಬರಿ?

ಬೀನ್ಸಿನ ಖಾಲಿ ಡಬ್ಬ ಯಾಕೆ ಎತ್ಕೊಂಡೆ? ಜೇಬಲ್ಲಿ ಗುಂಡು ಬೇರೆ ತಂದಿದೀಯಾ! ನಳಿಗೆ ಕೊಟ್ಟು ಹೋಗೋಕೆ ಬಂದವನಿಗೆ ಗುಂಡು ಯಾಕಪ್ಪ? ಬೇಲಿ ಗೂಟದ ಮೇಲಿಟ್ಟು ಮೆಟ್ಟಿಲಿಂದ ಹೊಡೀತೀಯಾ? ಸರಿ, ಹೊಡಿ, ಹೊಡಿ. ಗೂಟದ ಹಿಂದೆ ಗುಡ್ಡ ಇದೆ, ಯಾರಿಗೂ ತಾಗಲ್ಲ. ಡಬ್ಬಕ್ಕಂತೂ ತಾಗೋದೇ ಇಲ್ಲ, ಹ್ಹ ಹ್ಹ!

ಏಯ್, ಎಲ್ಲಿಗೆ ಹಿಡಿದಿದೀಯೋ? ಡಬ್ಬ ಇರೋದು ಅಲ್ಲಿ! ನೀನು ಒಂದು ಗೇಣು ಎಡಕ್ಕೆ... ಕುರುಡ, ಬಲಕ್ಕೆ ತಿರುಗಿಸೋ, ಬಲಕ್ಕೆ...

...ಬಿತ್ತು.

ಕುರುಡು ಕೋಳಿಗೂ ಒಂದು ಕಾಳು ಸಿಗುತ್ತೆ. ಇನ್ನೊಂದು ಇಡ್ತೀಯಾ? ಇಡು. ಮತ್ತೆ ಅದೇ ಒಂದು ಗೇಣು ಎಡಕ್ಕೆ ಹಿಡೀತಿದೀಯಲ್ಲ...

ಅದೂ ಬಿತ್ತು.

ಸಾಕು ಕಣೋ. ಮೂರನೇದು ಬೇಡ. ಬೇಡ ಅಂದೆ!

ಆ ಬಿಲ್ಲೆ ನನ್ನ ಕಡೆ ಯಾಕೆ ತಿರುಗಿಸ್ತೀಯ? ನೀನು ಹೀಗೆ ನೋಡ್ತಾ ನಿಂತ್ರೆ ನಾನೇನು ಮಾಡ್ಲಿ ಈಗ?

ಹೌದು! ಹೌದು, ಬಿಲ್ಲೆ ಬಲಕ್ಕೆ ಬಾಗಿದೆ, ಗುಂಡೂ ಬಲಕ್ಕೇ ಹೋಗುತ್ತೆ. ಬೀಳಿಸಿದ್ದು ನಾನೇ. ಆ ಬೇಟೆಯ ಹಿಂದಿನ ಸಂಜೆ ಇದೇ ಮೆಟ್ಟಿಲ ಮೇಲೆ ಕೈ ಜಾರ್ತು. ಹೇಳಿದ್ರೆ ನನ್ನ ತುಂಡು ನಿನಗೆ ಹೋಗ್ತಿತ್ತಲ್ಲ, ಅಪ್ಪನ ಷರತ್ತು! ರಿಪೇರಿಗೆ ಕೊಟ್ಟಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಒಂದೆರಡು ಗುಂಡು ತಪ್ಪುತ್ತೆ, ಆಮೇಲೆ ನೀನೇ ಕಂಡುಹಿಡೀತೀಯ ಅಂದ್ಕೊಂಡೆ ಕಣೋ. ನೀನು ಕಣ್ಣು ಹೋಯ್ತು ಅಂತ ನಂಬ್ತೀಯ ಅಂತ ನನಗೇನು ಗೊತ್ತು? ಆ ರಾತ್ರಿ ಊಟದಲ್ಲಿ ಎಲ್ಲರೂ ನಗ್ತಿದ್ರು... ನಾನು ನಿಲ್ಲಿಸಬಹುದಿತ್ತು. ಆಮೇಲೂ ಮೂರು ವರ್ಷ ಇತ್ತು. ನಾಚಿಕೆ ಆಯ್ತು, ಅದಕ್ಕೇ ಇನ್ನೂ ಜೋರಾಗಿ ನಕ್ಕೆ.

ನೆಲ ಡೊಂಕೇ ಇತ್ತು ಓರ್ಲಿನ್.

ತಗೋ. ಬಿಚ್ಚಬೇಡ, ಹಾಗೇ ಇಡಿಯಾಗಿ ಒಯ್ಯಿ. ಷರತ್ತು ಅಂದ್ರೆ ಷರತ್ತು. ಒಂದು ಮಾತು ಬೈದಾದ್ರೂ ಹೋಗೋ... ರೊಟ್ಟಿ ಮುಟ್ಲೇ ಇಲ್ವಲ್ಲ ನೀನು.

ಏನದು? ಸೊಸೇನ ಟ್ರಕ್ಕಿಂದ ಯಾಕೆ ಇಳಿಸ್ತಿದೀಯ? ಪಾಪ, ಅವಳೇನು ಮಾಡಿದ್ಲು... ಕೀಲಿ ಕೇಳ್ತಿದೀಯಾ? ನೀನೇ ಓಡಿಸ್ತೀಯಾ?

ಹುಷಾರು ಕಣೋ, ಎಡಕ್ಕೆ ಚರಂಡಿ ಇದೆ, ನೋಡ್ಕೊಂಡು...

ಇಲ್ಲ. ಹೋಗು. ನಿನಗೆ ಕಾಣುತ್ತೆ.